ಸಜ್ಜಕದ ಸೋಮವಾರ

ಉಮಾ ಗದಗಿನಿಂದ ಸವಡಿಗೆ ಬಂದಳೆಂದರೆ ಊರಿನ ಜನ ಅಂಗಿಯ ತೋಳನ್ನು ಕೆಳಗೆ ಎಳೆದುಕೊಳ್ಳುತ್ತಿದ್ದರು. ಮಾತಾಡಿಸುವಾಗ ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಮೊಣಕೈಯ ಒಳಮಗ್ಗುಲನ್ನು ನೋಡುತ್ತಿದ್ದಳು. ಕಾಲೇಜಿನಲ್ಲಿ ಅವಳು ಕಲಿಯುತ್ತಿದ್ದದ್ದು ರಕ್ತ, ಮೂತ್ರ, ಕಫಗಳನ್ನು ಪರೀಕ್ಷಿಸುವ ಲ್ಯಾಬ್ ವಿದ್ಯೆ. ಬಿ.ಎಸ್ಸಿ. ಪಾಠಗಳೆಲ್ಲ ಮುಗಿದು ಕೊನೆಯ ತರಬೇತಿ ನಡೆದಿತ್ತು. ಒಳ್ಳೆಯ ನರ ಕಂಡರೆ ಅವಳಿಗೆ, ಒಳ್ಳೆಯ ಎರೆಹೊಲ ಕಂಡ ಒಕ್ಕಲಿಗನಿಗೆ ಆಗುವಂಥ ಆಸೆಯಾಗುತ್ತಿತ್ತು.

ಬಸವಣ್ಣನ ಗುಡಿಯ ಪೂಜೆ ಮಾಡುವ ಅಂದಾನಪ್ಪನ ಮೇಲೆ ಅವಳಿಗೆ ಬಹಳ ದಿನದ ಕಣ್ಣು.

"ಅಜ್ಜಾ, ನಿಮ್ಮ ನರ ಎಷ್ಟ ಚಂದ ಅದಾವ್ರಿ. ಮಲಪ್ರಭಾ ಕಾಲಿವಿ ಇದ್ದಂಗ ಅದಾವು."

ಅಂದಾನಪ್ಪ ಎರಡೂ ಕೈಗಳನ್ನು ಧೋತರದೊಳಗೆ ಸೇರಿಸಿಕೊಂಡು ಉಮಾಳ ಅಜ್ಜಿಗೆ ದೂರು ಹೇಳಿದ. "ಶಂಕ್ರವ್ವ, ನಿನ್ನ ಮೊಮ್ಮಗಳ ನೋಟ ಬರೋಬ್ಬರಿ ಇಲ್ಲ ನೋಡು. ಸಂತ್ಯಾಗ ಎತ್ತು ನೋಡಿದಂಗ ನೋಡತಾಳ ನನ್ನ."

"ನೋಡಲಿ ಬಿಡಣ್ಣಾ. ನಿನ್ನ ಹಿಂಗ ನೋಡಿದವರು ಇಷ್ಟು ವರ್ಷದಾಗ ಯಾರರ ಇದ್ರೇನು?" ಎಂದಳು ಶಂಕ್ರವ್ವ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಶಂಕ್ರವ್ವ ಈಗೀಗ ಮತ್ತೆ ಇಂಥ ಮಾತು ಆಡತೊಡಗಿದ್ದಳು. ಹೋದ ವರ್ಷ ಅವಳ ಗಂಡ ದೇವಪ್ಪನ ಕಾಲಿಗೆ ಜೋಳದ ಕೂಳೆ ಚುಚ್ಚಿತು. ಸಣ್ಣ ಗಾಯ. ಅರಿಷಿಣ ಮೆತ್ತಿ ಹೊಲಕ್ಕೆ ಹೋಗುತ್ತಲೇ ಇದ್ದ. ಗಾಯ ಮಾಯಲಿಲ್ಲ. ಹುಬ್ಬಳ್ಳಿಗೆ ಒಯ್ದಾಗ, ಮೈಯಲ್ಲಿ ಸಕ್ಕರೆ ಕಾಯಿಲೆ ಬಹಳ ದಿನದಿಂದ ಸೇರಿಕೊಂಡಿದೆ ಎಂದರು. ಮೊದಲು ಕಾಲು ಹೋಯಿತು, ಆಮೇಲೆ ಮನುಷ್ಯನೇ ಹೋದ. ಅವನಿಗೆ ಗೋಧಿ ರವೆಗೆ ಬೆಲ್ಲ ಹಾಕಿ ಮಾಡುವ ಸಜ್ಜಕವೆಂದರೆ ಪ್ರಾಣ. ಅಂದಿನಿಂದ ಶಂಕ್ರವ್ವ ಬೆಲ್ಲದ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟುಬಿಟ್ಟಳು. ಯಾವ ಸಿಹಿಯೂ ಅವಳ ಗಂಟಲಲ್ಲಿ ಇಳಿಯಲಿಲ್ಲ. ಗುಡಿಯ ಪ್ರಸಾದವನ್ನು ಕೂಡ ಕಣ್ಣಿಗೆ ಒತ್ತಿಕೊಂಡು, ಒಂದು ಅಗಳು ನಾಲಗೆಯ ಮೇಲಿಟ್ಟು, ಉಳಿದದ್ದನ್ನು ಪಕ್ಕದವರ ಕೈಗೆ ಹಾಕುತ್ತಿದ್ದಳು.

ಅಜ್ಜನ ರಕ್ತವನ್ನು ಒಂದು ಸಲ ನೋಡಿದ್ದರೆ ಸಾಕಿತ್ತು ಎಂಬ ಮಾತು ಉಮಾಳ ಎದೆಯಲ್ಲಿ ಕೂತಿತ್ತು. ಅದಕ್ಕಾಗಿಯೇ ತರಬೇತಿಯ ಶಿಬಿರವನ್ನು ಸವಡಿಯಲ್ಲೇ ಮಾಡುತ್ತೇನೆಂದು ಹಟ ಹಿಡಿದು ಒಪ್ಪಿಗೆ ತಂದಿದ್ದಳು. ಖಾಲಿ ಹೊಟ್ಟೆಯಲ್ಲಿ ಊರವರ ರಕ್ತ ತೆಗೆದು ಸಕ್ಕರೆ ಎಷ್ಟಿದೆ ಎಂದು ನೋಡುವ ಶಿಬಿರ.

ಇದು ಅವಳ ಎರಡನೆಯ ಶಿಬಿರ. ಮೊದಲನೆಯದನ್ನು ಮಳೆಗಾಲದಲ್ಲಿ ಹೊಳೆಆಲೂರಿನ ಕಡೆ ಮಾಡಿದ್ದಳು. ಮಲಪ್ರಭೆ ಉಕ್ಕಿ ರಸ್ತೆ ಮುಳುಗಿ, ವ್ಯಾನು ಆಚೆ ದಂಡೆಯಲ್ಲಿ, ರಕ್ತದ ಪೆಟ್ಟಿಗೆ ಈಚೆ ದಂಡೆಯಲ್ಲಿ ನಿಂತು, ಗದಗು ಮುಟ್ಟುವ ಹೊತ್ತಿಗೆ ಎಲ್ಲವೂ ಕೆಟ್ಟಿತ್ತು. ಅವಳಿಗೆ ಕಲಿಸುವ ಗುಲ್ಷನ ಮೇಡಂ ನರಗುಂದದವರು. ಮಾತು ಚೂಪು, ಮನಸ್ಸು ಮೆತ್ತಗೆ. ಅವರು ಹೇಳಿಬಿಟ್ಟಿದ್ದರು:

"ಒಂದ್ ಸಲ ತಪ್ಪನ್ನ ಹೊಳಿ ಮ್ಯಾಲ ಹಾಕಿದಿ, ನಾನೂ ಒಪ್ಪಿದೆ. ಎರಡನೇ ಸಲ ಯಾರ ಮ್ಯಾಲ ಹಾಕ್ತಿ? ಈ ಸಲನೂ ಕೆಟ್ರ ಸಹಿ ಇಲ್ಲ. ತರಬೇತಿ ಮತ್ತ ಮೊದಲಿಂದ ಮಾಡಬೇಕು, ಜೂನಿಯರ್ ಹುಡುಗ್ಯಾರ ಜೋಡಿ."

ಉಮಾ ಈ ಮಾತನ್ನು ಅಜ್ಜಿಯ ಮುಂದೆ ಹೇಳಿಕೊಂಡು ಅತ್ತಿದ್ದಳು. ಶಂಕ್ರವ್ವ ಸಮಾಧಾನ ಹೇಳಿ, ಬಸವಣ್ಣನ ಗುಡಿಯ ಕಡೆಗೆ ತಿರುಗಿ ಕೈ ಮುಗಿದಳು. ಹರಕೆ ಏನೆಂದು ಹೇಳಲಿಲ್ಲ. ಹರಕೆಯನ್ನು ತೀರಿಸುವ ಮೊದಲು ಬಾಯಿಬಿಟ್ಟು ಹೇಳುವವರು ಯಾರು?

ಭಾನುವಾರ ಉಮಾ ಊರಿನ ಆಟೋದಲ್ಲಿ ಮೈಕು ಕಟ್ಟಿಸಿ ತಾನೇ ಕೂಗುತ್ತ ತಿರುಗಿದಳು. "ನಾಳಿ ಮುಂಜಾನೆ ಎಲ್ಲಾರೂ ಸಾಲಿಗೆ ಬರ್ರಿ. ಖಾಲಿ ಹೊಟ್ಟೀಲೆ ಬರ್ರಿ. ಚಹಾ ಬ್ಯಾಡ, ರೊಟ್ಟಿ ಬ್ಯಾಡ, ಚುರಮುರಿ ಬ್ಯಾಡ, ಎಲಿ ಅಡಕಿನೂ ಬ್ಯಾಡ. ನೀರ ಕುಡೀರಿ, ನಡೀತೈತಿ."

ಓಣಿಯ ಗ್ಯಾನಪ್ಪ ಕಾಕಾ ಬಾಗಿಲಲ್ಲಿ ನಿಂತು ಕೂಗಿದ. "ಉಮಾ, ಬೈಗಳಾ ತಿಂದ್ ಬಂದ್ರ ನಡೀತೈತೇನು? ನಿಮ್ಮ ಕಾಕು ಮುಂಜಾನೆದ್ದ ಕೂಡ್ಲೇ ಬಡಸ್ತಾಳ."

"ಅದು ನಡೀತೈತಿ ಕಾಕಾ. ಅದರಾಗ ಸಿಹಿ ಇರೂದುಲ್ಲ," ಎಂದು ಉಮಾ ಮೈಕಿನಲ್ಲೇ ಹೇಳಿದಳು. ಊರೆಲ್ಲ ಕೇಳಿತು.

ಸೋಮವಾರ ಬೆಳಗಾಗುವ ಹೊತ್ತಿಗೆ ಕಾಲೇಜಿನ ವ್ಯಾನು ರೋಣದ ರಸ್ತೆಯಿಂದ ಬಂದು ಶಾಲೆಯ ಮುಂದೆ ನಿಂತಿತು. ಉಮಾ ಅಲ್ಲಿಯೇ ಕಾದಿದ್ದಳು. ಯಂತ್ರ ಇಳಿಸುವುದು, ಮೇಜು ಒರೆಸುವುದು, ಬೂದು ಮುಚ್ಚಳದ ಟ್ಯೂಬುಗಳನ್ನು ಜೋಡಿಸುವುದು, ಹೀಗೆ ಕೈಗೆ ಬಿಡುವಿರಲಿಲ್ಲ. ಗಾಳಿಯಲ್ಲಿ ಏಲಕ್ಕಿಯ ವಾಸನೆ ತೇಲಿ ಬಂತು. ಯಾರ ಮನೆಯಲ್ಲೋ ಏನೋ ಕಾರ್ಯ ಇರಬೇಕು ಎಂದುಕೊಂಡು ಕೆಲಸದಲ್ಲಿ ಮುಳುಗಿದಳು.

ಜನ ಬಂದರು. ಎಷ್ಟೊಂದು ಜನ! ಮುಖದಲ್ಲಿ ಹಬ್ಬದ ಕಳೆ, ಹಣೆಯ ಮೇಲೆ ಹೊಸ ವಿಭೂತಿ. ಖಾಲಿ ಹೊಟ್ಟೆಯ ಜನ ಇಷ್ಟು ಗೆಲುವಾಗಿರುವುದನ್ನು ಗುಲ್ಷನ ಮೇಡಂ ಎಲ್ಲಿಯೂ ಕಂಡಿರಲಿಲ್ಲ.

ಉಮಾ ಒಬ್ಬೊಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ ಕೇಳಿದಳು. "ಏನರ ತಿಂದೀರೇನ್ರಿ?"

"ಇಲ್ಲವ್ವಾ. ಬಸವಣ್ಣನ ಆಣಿ, ಹನಿ ಚಹಾನೂ ಮುಟ್ಟಿಲ್ಲ."

ಎಲ್ಲರದೂ ಇದೇ ಉತ್ತರ. ಯಾರ ಕಣ್ಣಲ್ಲೂ ಸುಳ್ಳಿರಲಿಲ್ಲ. ಸೂಜಿ ಕಂಡು ಗ್ಯಾನಪ್ಪ ಮಾತ್ರ ಕಣ್ಣು ಮುಚ್ಚಿ, "ಶಿವ ಶಿವ, ಲಗೂ ಮುಗಸವ್ವಾ," ಎಂದು ಜಪ ಶುರುಮಾಡಿದ.

"ಕಾಕಾ, ತಗದು ಆಗೇತ್ರಿ. ಏಳ್ರಿ."

"ಆತೇನು? ಹಂಗಾರ ನಾ ಹೆದರಿಲ್ಲ ಅಂತ ಬರಕೋ."

ಅಂದಾನಪ್ಪ ಕೊನೆಗೂ ತೋಳು ಮಡಚಿ ಕೂತ. ಒಂದೇ ಸಲಕ್ಕೆ ಟ್ಯೂಬು ತುಂಬಿತು. "ಹೇಳಿದ್ದಿಲ್ಲ ನಾನು, ಕಾಲಿವಿ!" ಎಂದು ಉಮಾ ಕುಣಿದಾಡಿದಳು. ರಕ್ತದ ಟ್ಯೂಬುಗಳು ಯಂತ್ರದಲ್ಲಿ ಗಿರಗಿರ ತಿರುಗಿ, ಮೇಲೆ ತಿಳಿ, ಕೆಳಗೆ ಗಸಿ ಆಗಿ ನಿಂತದ್ದನ್ನು ನೋಡಲು ಕಿಟಕಿಯ ತುಂಬ ಮುಖಗಳು. "ನನ್ನ ತಿಳಿ ನೋಡ್ರೋ, ತುಪ್ಪ ಇದ್ದಂಗೈತಿ," ಎಂದ ಒಬ್ಬ.

ಕೊನೆಯಲ್ಲಿ ಶಂಕ್ರವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಅವಳದೂ ರಕ್ತ ತೆಗೆದಾಯಿತು.

ಆಮೇಲೆ ಅಂಕಿಗಳು ಹೊರಬರತೊಡಗಿದವು.

ಖಾಲಿ ಹೊಟ್ಟೆಯಲ್ಲಿ ನೂರರ ಆಸುಪಾಸು ಇರಬೇಕಾದ ಸಕ್ಕರೆ ಮೊದಲನೆಯವನಿಗೆ ನೂರಾ ಐವತ್ತು. ಎರಡನೆಯವಳಿಗೆ ನೂರಾ ಅರವತ್ತು. ಮೂರನೆಯದು, ನಾಲ್ಕನೆಯದು, ಎಲ್ಲವೂ ಹಾಗೆಯೇ. ಉಮಾಳ ಮುಖ ಬೆಳ್ಳಗಾಯಿತು. ಕಿಟಕಿಯಲ್ಲಿದ್ದವರಿಗೆ ಮಾತ್ರ ಅದು ಬೇರೆಯೇ ಆಗಿ ಕೇಳಿಸಿತು. ಶಾಲೆಯ ಕೋಣೆ, ಮೇಜಿನ ಆಚೆ ಮೇಡಂ, ಹೆಸರಿನ ಮುಂದೆ ಅಂಕಿ. ಪರೀಕ್ಷೆಯ ಮಾರ್ಕ್ಸಲ್ಲದೆ ಇನ್ನೇನಿರಬೇಕು?

"ನಂದೆಷ್ಟು?" ಗ್ಯಾನಪ್ಪ ಒಳಗೆ ತಲೆ ತೂರಿಸಿದ.

"ನೂರಾ ಎಂಬತ್ತು," ಎಂದಳು ಉಮಾ, ತಲೆ ಎತ್ತದೆ.

ಗ್ಯಾನಪ್ಪ ಅಂಗಳಕ್ಕೆ ಹಾರಿದ. ಶಾಲೆಯಲ್ಲಿದ್ದಾಗ ಗಣಿತದಲ್ಲಿ ಎಂದೂ ಪಾಸಾಗದ ಮನುಷ್ಯ. "ನೂರಾ ಎಂಬತ್ತಲೇ! ಇದ ಸಾಲ್ಯಾಗ ನನ್ನ ದಡ್ಡ ಅಂದಿದ್ರಲ್ಲ ಮಾಸ್ತರು, ಕರೀರಿ ಅವರನ್ನ!"

"ನನ್ನ ಹೇಣ್ತಿಗೆ ನನಗಿಂತ ಹೆಚ್ಚು ಹ್ಯಾಂಗ ಬಂತು? ಮತ್ತೊಮ್ಮಿ ಎಣಸ್ರಿ," ಎಂದು ಇನ್ನೊಬ್ಬ ಜಗಳಕ್ಕೆ ನಿಂತ.

ಅಷ್ಟರಲ್ಲಿ ಅಂದಾನಪ್ಪನದು ಬಂತು. ಇನ್ನೂರಾ ಮೂವತ್ತು. ಅವನು ವಲ್ಲಿ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಎದ್ದುನಿಂತ. "ಊರಿಗೆ ಫಸ್ಟು ಯಾರು? ಹಾಂ? ಬಸವಣ್ಣನ ಸೇವಾ ಮಾಡಿದ್ದು ಸುಮ್ಮನ ಹೋಕ್ಕೈತೇನು?" ಜನ ಅವನನ್ನು ಎತ್ತಿಕೊಳ್ಳುವುದೊಂದು ಬಾಕಿ.

ಒಳಗೆ ಗುಲ್ಷನ ಮೇಡಂ ಕೈಕಟ್ಟಿ ಕುಳಿತಿದ್ದರು. "ಯಂತ್ರ ತಪ್ಪು ಹೇಳಾಕತ್ತೇತೇನು?"

ಉತ್ತರ ಮೊದಲೇ ಗೊತ್ತಿರುವ ಒಂದು ದ್ರವವನ್ನು ಇಂಥ ಹೊತ್ತಿಗೆಂದೇ ಇಟ್ಟುಕೊಂಡಿರುತ್ತಾರೆ. ಉಮಾ ಅದನ್ನು ಯಂತ್ರಕ್ಕೆ ಹಾಕಿ ನೋಡಿದಳು. ಬರಬೇಕಾದದ್ದೇ ಬಂತು.

"ಯಂತ್ರ ಖರೇನ ಹೇಳಾಕತ್ತೇತ್ರಿ, ಮೇಡಂ."

"ಹಂಗಾರ ನಿಮ್ಮೂರ ತುಂಬ ಸಕ್ಕರಿ ರೋಗ. ಬರದು ಕೊಡು, ನಾ ಸಹಿ ಮಾಡ್ತೀನಿ, ಊಟಕ್ಕ ಗದಗಿಗೆ ಹೋಗೂಣು."

ಸಹಿಯೆಂಬ ಮಾತು ಕೇಳಿ ಉಮಾಳ ಕೈ ಒಂದು ಗಳಿಗೆ ಪೆನ್ನಿನ ಕಡೆಗೆ ಹೋಯಿತು. ಟ್ಯೂಬು ಕೆಟ್ಟಿಲ್ಲ, ಯಂತ್ರ ಕೆಟ್ಟಿಲ್ಲ. ಬರೆದರೆ ತರಬೇತಿ ಮುಗಿಯಿತು. ಅಷ್ಟರಲ್ಲಿ ಯಂತ್ರ ಕೊನೆಯ ಅಂಕಿಯನ್ನು ತೋರಿಸಿತು. ಶಂಕ್ರವ್ವನದು. ಎಂಬತ್ತೆಂಟು.

ಊರಿಗೆಲ್ಲ ಬಂದ ಸಕ್ಕರೆ ಅಜ್ಜಿಯೊಬ್ಬಳನ್ನು ಬಿಟ್ಟದ್ದು ಹೇಗೆ? ಉಮಾ ಹೊರಗೆ ಓಡಿಬಂದಳು. ಶಂಕ್ರವ್ವ ಬೇವಿನ ಗಿಡದ ಕೆಳಗೆ ಕೂತಿದ್ದಳು.

"ಆಯಿ, ನೀ ಮುಂಜಾನಿಂದ ಏನೂ ತಿಂದಿಲ್ಲಲ್ಲ?"

"ಹಂಚಾಕಿ ಎಲ್ಲೆರ ಮೊದಲ ತಿಂತಾಳೇನ? ಎಲ್ಲಾರದೂ ಮುಗೀಲಿ ಅಂತ ಕುಂತೀನಿ."

"ಏನು ಹಂಚಿದಿ?"

"ಮತ್ತೇನು? ಪ್ರಸಾದ. ನಿನ್ನ ಸಹಿ ಆಗಲಿ ಅಂತ ಬಸವಣ್ಣಗ ಸಜ್ಜಕ ಬೇಡಕೊಂಡಿದ್ದೆ. ಸಾಲಿಗೆ ಬರಾವರು ಗುಡಿ ಮುಂದ ಹಾದೇ ಬರಬೇಕಲ್ಲ? ಒಬ್ಬರನ್ನೂ ಬಿಡಲಿಲ್ಲ ನೋಡು. ತುಪ್ಪಾ ಹಾಕಿ, ಬೊಗಸಿ ತುಂಬ ಕೊಟ್ಟೀನಿ."

ಉಮಾ ಅಂಗಳದ ಜನರ ಕಡೆಗೆ ತಿರುಗಿದಳು. "ಏನೂ ತಿಂದಿಲ್ಲ ಅಂದ್ರಲ್ರಿ ಎಲ್ಲಾರೂ!"

"ತಿಂದೇ ಇಲ್ಲ!" ಎಂದ ಗ್ಯಾನಪ್ಪ, ನಿಜವಾಗಿಯೂ ನೊಂದುಕೊಂಡು. "ಪ್ರಸಾದ ತಗೊಂಡೀವಿ. ಪ್ರಸಾದ ಎಲ್ಲೆರ ತಿನ್ನೋ ವಸ್ತು ಏನವ್ವಾ?"

"ಎಷ್ಟ ತಗೊಂಡ್ರಿ ಕಾಕಾ?"

"ಎರಡ ಬೊಗಸಿ. ಎರಡನೇ ಸಲ ಸಾಲಿನ್ಯಾಗ ನಿಂತಿದ್ದನ್ನ ನಿಮ್ಮ ಆಯಿ ನೋಡಲಿಲ್ಲ."

ಬಾಗಿಲಲ್ಲಿ ನಿಂತಿದ್ದ ಗುಲ್ಷನ ಮೇಡಂ ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಗೋಡೆ ಹಿಡಿದುಕೊಂಡರು. ಕೊನೆಗೆ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಏಕೆ ನಗುತ್ತಿದ್ದೇವೆಂದು ಪೂರ್ತಿ ತಿಳಿಯದಿದ್ದರೂ ಊರವರೂ ನಕ್ಕರು. ನಗದೆ ಉಳಿದವರು ಇಬ್ಬರೇ. ತನ್ನ ಹರಕೆಯೇ ಮೊಮ್ಮಗಳ ಕೆಲಸ ಕೆಡಿಸಿತೆಂದು ಶಂಕ್ರವ್ವನಿಗೆ ಆಗ ತಿಳಿದಿತ್ತು. ಉಮಾ ಮೇಡಂ ಮುಂದೆ ಬಂದು ನಿಂತಳು.

"ಇದನ್ನ ಬರಿಯಾಕ ಬರೂದುಲ್ರಿ, ಮೇಡಂ. ಎಲ್ಲಾ ಒಗದು ನಾಳಿ ಮತ್ತ ತಗೀತೀನಿ. ಒಂದ ದಿನ ಕೊಡ್ರಿ."

ಮೇಡಂ ಕಣ್ಣೊರೆಸಿಕೊಂಡರು. "ನಾಳಿ ಒಂದ ದಿನ. ಅಷ್ಟ. ಆದ್ರ ಮತ್ತ ಸೂಜಿ ಚುಚ್ಚಿಸ್ಕೊಳ್ಳಾಕ ಬರಾವರು ಯಾರು?"

ಅದೇ ಕಷ್ಟವಾಯಿತು. ಒಗೆಯುವ ಮಾತು ಕೇಳಿ ಅಂಗಳದ ನಗು ನಿಂತಿತು. "ನಮ್ಮ ರಗತಾ ಚೆಲ್ಲತೀ? ಬಂದ ಮಾರ್ಕ್ಸ್ ಕಸಗೊಳ್ತೀ?" ಎಂದು ಗ್ಯಾನಪ್ಪ ಸಿಟ್ಟಾದ. "ನಾಳಿ ನಾ ಗಜೇಂದ್ರಗಡದ ಸಂತಿಗೆ ಹೊಂಟೀನಿ. ನನ್ನ ಹೆಸರ ತಗೀ."

ಅವನಿಗೆ ಸಂತೆಯಲ್ಲಿ ಯಾವ ಕೆಲಸವೂ ಇಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಒಬ್ಬೊಬ್ಬರೇ ಕೈ ಮುಗಿದು ಮನೆ ದಾರಿ ಹಿಡಿದರು.

"ನಾಳಿ ಉಪವಾಸ ಅಂತ ಸಾರಿದ್ರ ಹ್ಯಾಂಗ?" ಎಂದು ಮೇಡಂ ಕೇಳಿದರು.

ಶಂಕ್ರವ್ವ ಹಣೆ ಬಡಿದುಕೊಂಡಳು. "ಬ್ಯಾಡ್ರೀ ಅಕ್ಕೋರ! ನಮ್ಮೂರ ಉಪವಾಸ ನಿಮಗ ಗೊತ್ತಿಲ್ಲ. ಸಾಬೂದಾನಿ, ಶೇಂಗಾ ಉಂಡಿ, ಬಾಳೆಹಣ್ಣು, ಮ್ಯಾಲೊಂದು ವಾಟಗಾ ಹಾಲು. ಉಪವಾಸದ ದಿನ ಉಂಡಷ್ಟು ನಾವು ಹಬ್ಬದಾಗೂ ಉಣ್ಣೂದುಲ್ಲ." ಹೀಗೆಂದವಳೇ ಎದ್ದು ಸೀದಾ ಗುಡಿಗೆ ನಡೆದಳು.

"ಅಣ್ಣಾ, ನಾಳಿನೂ ಸಜ್ಜಕ ಮಾಡತೀನಿ. ಆದ್ರ ನೈವೇದ್ಯ ಹೊತ್ತೇರಿದ ಮ್ಯಾಲ ಆಗಬೇಕು. ಸಾಲ್ಯಾಗ ರಗತಾ ಕೊಟ್ಟು ಬಂದವರಿಗೇ ಪ್ರಸಾದ."

ಅಂದಾನಪ್ಪ ಹುಬ್ಬೇರಿಸಿದ. "ಹೊತ್ತೇರಿದ ಮ್ಯಾಲೇನು? ಇಷ್ಟು ವರ್ಷ ಸೂರ್ಯಾ ಹುಟ್ಟೂದಕ್ಕ ನೈವೇದ್ಯ ಆಗೇತಿ. ದೇವರನ್ನ ಕಾಯಿಸ್ತೀಯೇನು?"

"ಬಸವಣ್ಣ ಏನ್ ನನ್ನ ಸೊಸೀನ, ಒಂದ ತಾಸು ತಡಾ ಆದ್ರ ಮಾರಿ ಉಬ್ಬಿಸ್ಕೊಳ್ಳಾಕ? ನಮ್ಮ ಮನಿಯವರ ಕಾಲು ಮಾಯಲಿ ಅಂತ ಇದ ಗುಡ್ಯಾಗ ನಾನು ಎಷ್ಟ ದಿನ ಕಾದೀನಿ? ಒಂದ ದಿನ ಅವ ನಮಗಾಗಿ ಕಾಯಲಿ."

ದೇವಪ್ಪನ ಮಾತು ಬಂದದ್ದೇ ಅಂದಾನಪ್ಪ ಗರ್ಭಗುಡಿಯ ಕಡೆಗೆ ತಿರುಗಿದ. ಅವನೂ ದೇವಪ್ಪನೂ ಚಿಕ್ಕಂದಿನಿಂದ ಕೂಡಿ ಬೆಳೆದವರು. ಅವನು ಬಸವಣ್ಣನ ಕೊರಳಿನ ಹೂವೊಂದನ್ನು ತೆಗೆದು ಅವಳ ಕೈಯಲ್ಲಿಟ್ಟ. ಅದೇ ಒಪ್ಪಿಗೆ.

ಮಂಗಳವಾರ ಬೆಳಗ್ಗೆ ಉಮಾ ಕುರ್ಚಿಗಳನ್ನು ಸಾಲಾಗಿ ಇಟ್ಟು ಬಾಗಿಲು ನೋಡುತ್ತ ಕುಳಿತಳು. ಬಿಸಿಲು ಮೆಟ್ಟಿಲಿಗೆ ಬಂತು. ಒಬ್ಬರೂ ಇಲ್ಲ. ಮೇಡಂ ತಮ್ಮ ಕನ್ನಡಕ ಒರೆಸುತ್ತಿದ್ದರು. ಈಗಾಗಲೇ ಮೂರು ಸಲ ಒರೆಸಿದ್ದರು.

ಆಗ ಗುಡಿಯ ಕಡೆಯಿಂದ ವಾಸನೆ ಎದ್ದಿತು. ತುಪ್ಪದಲ್ಲಿ ಗೋಧಿ ರವೆ ಹುರಿಯುವ ವಾಸನೆ, ಅದರ ಹಿಂದೆ ಕುದಿಯುವ ಬೆಲ್ಲದ್ದು. ಶಂಕ್ರವ್ವ ಈ ದಿನ ಒಲೆಯನ್ನು ಗುಡಿಯ ಮುಂದೆ, ಗಾಳಿ ಓಣಿಗೆ ಬೀಸುವ ಕಡೆಗೇ ಹೂಡಿದ್ದಳು. ಕದ ತೆರೆದವು. ಜನ ಬಂದು ಒಲೆಯ ಸುತ್ತ ನಿಂತರು. ಅವಳು ಸೌಟು ಎತ್ತಿ ಶಾಲೆಯ ಕಡೆ ತೋರಿಸಿದಳು.

"ಮೊದಲ ಅಲ್ಲಿ. ತೋಳಿನ್ಯಾಗ ಹತ್ತಿ ಕಾಣಬೇಕು, ಆಮ್ಯಾಲ ಬೊಗಸಿ ಹಿಡೀಬೇಕು."

ಜನ ಶಾಲೆಗೆ ಓಡಿದರು. ಎಲ್ಲರಿಗಿಂತ ಮುಂದೆ ಗ್ಯಾನಪ್ಪ.

"ಸಂತಿಗೆ ಹೋಗಲಿಲ್ಲೇನ್ರಿ ಕಾಕಾ?"

"ಬಸ್ ತಪ್ಪೀತು. ಚುಚ್ಚವ್ವಾ, ಲಗೂ ಚುಚ್ಚು. ಸಜ್ಜಕ ಆರತೈತಿ."

ಉಮಾ ಈ ಸಲ ಪ್ರಶ್ನೆ ಬದಲಿಸಿದ್ದಳು. "ತಿಂದೀರೇನು, ಕುಡದೀರೇನು, ಪ್ರಸಾದ ತಗೊಂಡೀರೇನು, ಯಾರರ ಬಾಯಾಗ ಏನರ ಹಾಕ್ಯಾರೇನು?" ಒಬ್ಬಾಕೆ ಕೆಂಪಗಾಗಿ, ನಸುಕಿನಲ್ಲಿ ಮೊಮ್ಮಗನ ಬಿಸ್ಕೀಟಿನ ಚೂರು ತಿಂದದ್ದನ್ನು ಒಪ್ಪಿಕೊಂಡಳು. ಅವಳನ್ನು ಬೇರೆ ಕೂರಿಸಿದರು. ಅವಳ ಹಿಂದಿನವರೆಲ್ಲ ಅವಳನ್ನು ಕಳ್ಳಿಯಂತೆ ನೋಡಿದರು.

ಅಂಕಿಗಳು ಬಂದವು. ತೊಂಬತ್ತು. ತೊಂಬತ್ತೆರಡು. ತೊಂಬತ್ನಾಲ್ಕು. ಉಮಾಳ ಎದೆಯ ಮೇಲಿನ ಕಲ್ಲು ಒಂದೊಂದೇ ಅಂಕಿಗೆ ಇಳಿಯಿತು. ಅಂಗಳದಲ್ಲಿ ಮಾತ್ರ ಗೋಳು.

"ನಿನ್ನೆ ನೂರಾ ಎಂಬತ್ತು ಕೊಟ್ಟು ಇವತ್ತ ತೊಂಬತ್ತಾರಕ್ಕ ಇಳಿಸ್ತಾರಂದ್ರ!" ಗ್ಯಾನಪ್ಪ ಕೈಕೈ ಹೊಸಕಿದ. "ನಾಪಾಸ ಮಾಡಿಬಿಟ್ರಿ ನನ್ನ."

"ಇಲ್ಲಿ ಕಡಿಮಿ ಬಂದವರೇ ಪಾಸು ಕಾಕಾ!" ಎಂದು ಉಮಾ ಕಿಟಕಿಯಿಂದ ಕೂಗಿದಳು.

"ಅದನ್ನ ಮೊದಲ ಹೇಳಾಕ ಏನಾಗಿತ್ತು? ಈ ಲೆಕ್ಕದಾಗ ಸಾಲ್ಯಾಗೂ ನಾನ ಫಸ್ಟು ಇದ್ದೆ!"

ನಗು ಇನ್ನೂ ಹರಿಯುತ್ತಿರುವಾಗಲೇ ಅಂದಾನಪ್ಪನ ಅಂಕಿ ಬಂತು. ಇನ್ನೂರಾ ಹತ್ತು. ಉಮಾ ಅವನ ಟ್ಯೂಬನ್ನೇ ಮತ್ತೊಮ್ಮೆ ಹಾಕಿ ನೋಡಿದಳು. ಇನ್ನೂರಾ ಹತ್ತು.

"ಅಜ್ಜಾ, ಒಳಗ ಬರ್ರಿ. ಪ್ರಸಾದ ತಗೊಂಡೀರೇನ್ರಿ?"

"ದೇವರ ಇನ್ನೂ ಉಂಡಿಲ್ಲ, ನಾ ಹ್ಯಾಂಗ ಉಣ್ಣಲಿ?"

ಮೇಡಂ ಅವನ ಕಾಲು ನೋಡಿದರು. ಹೆಬ್ಬೆರಳಿಗೆ ಅರಿವೆ ಸುತ್ತಿತ್ತು. ಏನೆಂದು ಕೇಳಿದರೆ, ಕಲ್ಲು ಎಡವಿದ್ದು, ಎಷ್ಟೋ ದಿನವಾಯಿತು, ತಾನೇ ಮಾಯುತ್ತದೆ ಎಂದ. ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದ ಶಂಕ್ರವ್ವ ಅರಿವೆಯ ಅಂಚಿನಲ್ಲಿ ಅರಿಷಿಣದ ಬಣ್ಣ ಕಂಡು ಒಳಗೆ ನುಗ್ಗಿದಳು.

"ಅದ ಅರಿಷಿಣ, ಅದ ಮಾತು," ಎಂದಳು. "ಅಣ್ಣಾ, ಇನ್ನೊಬ್ಬನ್ನ ಕಳಸಾಕ ನನ್ನ ಕಡೆ ಕಣ್ಣೀರಿಲ್ಲ. ಇವತ್ತ ರೋಣದ ದವಾಖಾನಿಗೆ ಹೋಗ್ತಿಯೋ, ಇಲ್ಲಾ ಗುಡಿ ಬಾಗಲಾ ನಾ ಹಾಕಲೋ?"

"ನಮ್ಮ ವ್ಯಾನ್ ರೋಣದ ಮ್ಯಾಲೇ ಹೋಕ್ಕೈತಿ, ನಾ ಕರಕೊಂಡು ಹೋಗ್ತೀನಿ," ಎಂದರು ಮೇಡಂ. "ಡಾಕ್ಟರು ಕಾಲು ನೋಡಲಿ, ಗುಳಿಗಿ ಕೊಡಲಿ. ವ್ಯಾಳ್ಯಾಕ್ಕ ಸಿಕ್ಕೀರಿ ಯಜಮಾನ್ರ." ಆಮೇಲೆ ಉಮಾಳ ಕಡೆ ತಿರುಗಿದರು. "ನಿನ್ನೆ ಊರ ಎಲ್ಲಾ ಹೆಚ್ಚಿತ್ತು, ಅದರಾಗ ಇವರೂ ಮುಚ್ಚಿ ಹೋಗಿದ್ರು. ನಿನ್ನೇನ ನೀನು ಬರದು ಕೊಟ್ಟಿದ್ರ ನಾ ಸಹಿ ಮಾಡ್ತೀನಿ ಅಂದಿದ್ದೆ, ನೆನಪೈತಿ?"

"ಐತ್ರಿ."

"ಮಾಡ್ತಿದ್ದಿಲ್ಲ," ಎಂದು ಹೇಳಿ ಪೆನ್ನು ತೆಗೆದು ಸಹಿ ಮಾಡಿದರು.

ಉಮಾ ಮೊದಲು ಮೇಡಂ ಕಾಲಿಗೆ ಬಿದ್ದಳು, ಆಮೇಲೆ ಅಜ್ಜಿಯ ಕೊರಳಿಗೆ ಬಿದ್ದಳು, ಆಮೇಲೆ ತಡೆಯದೆ ಅಂದಾನಪ್ಪನ ತೋಳಿಗೇ ಹಣೆ ಹಚ್ಚಿದಳು. "ಸಾಕು, ಸಾಕು, ಕಾಲಿವಿ ಒಡೆದೀತು," ಎಂದ ಆ ಮುದುಕ.

ನೈವೇದ್ಯವಾಯಿತು. ಬಸವಣ್ಣ ತಡವಾದದ್ದಕ್ಕೆ ಮುಖ ಉಬ್ಬಿಸಿಕೊಂಡಂತೆ ಕಾಣಲಿಲ್ಲ. ತೋಳಿನಲ್ಲಿ ಹತ್ತಿ ಇಟ್ಟುಕೊಂಡ ಊರೆಲ್ಲ ಬೊಗಸೆ ಹಿಡಿಯಿತು. ಅಂದಾನಪ್ಪನ ಸರದಿ ಬಂದಾಗ ಶಂಕ್ರವ್ವ ಮುತ್ತುಗದೆಲೆಯ ಮೇಲೆ ಅವನ ಪಾಲು ಹಾಕಿ, ಅದರಿಂದ ಒಂದೇ ಒಂದು ಅಗಳನ್ನು ತೆಗೆದು ಅವನ ಅಂಗೈಯಲ್ಲಿಟ್ಟಳು.

"ಇಷ್ಟ?"

"ಇಷ್ಟ. ಭಕ್ತಿ ದೊಡ್ಡದಿರಲಿ."

ಅವನು ಅಗಳನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡ. ಎಲೆಯಲ್ಲಿ ಉಳಿದ ಪಾಲಿನಿಂದ ಇನ್ನೂ ಹಬೆ ಏಳುತ್ತಿತ್ತು. ಪ್ರಸಾದವನ್ನು ಚೆಲ್ಲುವಂತಿಲ್ಲ. ಗ್ಯಾನಪ್ಪ ಆಗಲೇ ಕೈ ಚಾಚಿದ್ದ. ಅಂದಾನಪ್ಪ ಅವನ ಕೈಗೆ ಒಂದು ಏಟು ಕೊಟ್ಟು, ಎಲೆಯನ್ನು ಶಂಕ್ರವ್ವನ ಮುಂದೆ ಸರಿಸಿದ.

"ನನ್ನ ಪಾಲು ನೀ ಉಣ್ಣು ತಂಗಿ. ನಿಂದು ಎಂಬತ್ತೆಂಟು. ಊರಿಗೆ ಫಸ್ಟು ಇದ್ದಾಕಿ ನೀನ."

ಶಂಕ್ರವ್ವ ಸೌಟು ಕೆಳಗಿಟ್ಟು ಎಲೆಯ ಮುಂದೆ ಕುಳಿತಳು. ಉಮಾ ಬಂದು ಅವಳ ಪಕ್ಕದಲ್ಲಿ ಕೂತಳು. ಆಮೇಲೆ ಶಂಕ್ರವ್ವ ಎಲೆಯನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೊತ್ತಿಕೊಂಡು, ತುತ್ತು ಮಾಡಿ ಬಾಯಿಗಿಟ್ಟಳು. ಇನ್ನೊಂದು ತುತ್ತು ತಿಂದಳು.

"ಬೆಲ್ಲ ಕಡಿಮಿ ಆಗೇತಿ," ಎಂದಳು. "ಅವರಿದ್ರ ಬೈತಿದ್ರು."

ಎಲೆ ಖಾಲಿಯಾಗುವವರೆಗೆ ಅವಳು ಏಳಲಿಲ್ಲ.